18 ಸಾವಿರದ ಸೆಟ್ ಬೇಡ, ಒಂದು ಸಣ್ಣ ಚೊಂಬು ಸಾಕು

ತುಮಕೂರಿನಿಂದ ಓದುಗರೊಬ್ಬರು ಬರೆದಿದ್ದಾರೆ: "ನನ್ನ ಮಗನಿಗೆ ಮೂರು ತುಂಬಲು ಇನ್ನೆರಡು ತಿಂಗಳಿದೆ. ಮೊಬೈಲಿನಲ್ಲಿ ವಿಡಿಯೊಗಳನ್ನು ನೋಡಿ, ಮನೆಯಲ್ಲೇ ಮಾಂಟೆಸ್ಸರಿ ಶುರು ಮಾಡೋಣ ಅನ್ನಿಸಿದೆ. ಮರದ ಸಾಮಾನುಗಳ ಒಂದು ಸೆಟ್‌ಗೆ 18 ಸಾವಿರ ರೂಪಾಯಿ ಹೇಳುತ್ತಾರೆ. ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ನಾನು ಬೆಳಗ್ಗೆ ಒಂಬತ್ತಕ್ಕೆ ಕೆಲಸಕ್ಕೆ ಹೋದರೆ ಬರುವುದು ಸಂಜೆ ಆರಕ್ಕೆ. ಮಗನನ್ನು ಅತ್ತೆ ನೋಡಿಕೊಳ್ಳುತ್ತಾರೆ. ಅವನ ಕೈಲಿ ತಟ್ಟೆ ಎತ್ತಿಸಿದರೆ 'ಇಷ್ಟು ಪುಟ್ಟ ಮಗು ಹತ್ರ ಕೆಲಸ ಮಾಡಿಸ್ತೀಯಾ' ಎಂದು ಬೇಜಾರು ಮಾಡಿಕೊಳ್ಳುತ್ತಾರೆ. ಸೆಟ್ ಕೊಳ್ಳಲೇ? ಅತ್ತೆಗೆ ಏನು ಹೇಳಲಿ? ಅಕ್ಷರ ಯಾವಾಗ ಕಲಿಸಲಿ?"

ಪ್ರೀತಿಯ ಸೋದರಿ,

ಮೊದಲ ಪ್ರಶ್ನೆಗೆ ಉತ್ತರ ಸುಲಭ. ಸೆಟ್ ಕೊಳ್ಳಬೇಡಿ. ಆ ದುಡ್ಡು ಹಾಗೇ ಇರಲಿ. ಉಳಿದ ಎರಡಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಮಕ್ಕಳು ತಮ್ಮ ಕೈಯಾರೆ ಮಾಡಿ ಕಲಿಯುವ ಈ ಮಾಂಟೆಸ್ಸರಿ ಪದ್ಧತಿ ಹುಟ್ಟಿದ್ದು ಒಂದು ವಠಾರದಲ್ಲಿ. 1907ರ ಜನವರಿ 6ರಂದು, ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಕೂಲಿಕಾರರ ಬಡಾವಣೆಯಲ್ಲಿ. ಅಪ್ಪ ಅಮ್ಮ ಬೆಳಗ್ಗೆ ಕೆಲಸಕ್ಕೆ ಹೋದರೆ ಚಿಕ್ಕ ಮಕ್ಕಳು ಮೆಟ್ಟಿಲ ಮೇಲೆ ಆಡಿಕೊಂಡು, ಗೋಡೆ ಗೀಚಿಕೊಂಡು ಇರುತ್ತಿದ್ದರು. ಗೋಡೆ ಹಾಳಾಗುತ್ತದೆ ಅನ್ನುವುದು ಕಟ್ಟಡದವರ ಚಿಂತೆ. ಮಕ್ಕಳನ್ನು ಒಂದು ಕೋಣೆಯಲ್ಲಿ ಸೇರಿಸಿ ನೋಡಿಕೊಳ್ಳುವ ಏರ್ಪಾಟಿಗೆ ಅವರು ಕರೆದದ್ದು ಡಾಕ್ಟರ್ ಮರಿಯಾ ಮಾಂಟೆಸ್ಸರಿಯವರನ್ನು. ಓದಿದ್ದು ವೈದ್ಯಕೀಯವಾದ್ದರಿಂದ, ರೋಗಿಯನ್ನು ಗಮನಿಸುವ ಹಾಗೆ ಮಕ್ಕಳನ್ನು ಗಮನಿಸುವ ಅಭ್ಯಾಸ ಅವರಿಗಿತ್ತು.

ಆ ಕೋಣೆಯಲ್ಲಿ ಒಳ್ಳೊಳ್ಳೆ ಆಟಿಕೆಗಳೂ ಇದ್ದವು. ಮಕ್ಕಳು ಅವುಗಳ ಹತ್ತಿರ ಹೋಗಲೇ ಇಲ್ಲ. ಅವರು ಆರಿಸಿಕೊಂಡದ್ದು ಕೈಗೆ ಕೆಲಸ ಕೊಡುವ ಸಾಮಾನುಗಳನ್ನು. ಮರದ ಅಚ್ಚಿನ ತೂತುಗಳಿಗೆ ಸರಿಯಾದ ಗುಂಡು ತುಂಡು ಕೂರಿಸುವ ಕೆಲಸವನ್ನು ಮೂರು ವರ್ಷದ ಒಬ್ಬ ಹುಡುಗಿ 40ಕ್ಕೂ ಹೆಚ್ಚು ಸಲ ಮಾಡಿದಳಂತೆ. ಸುತ್ತ ಬೇರೆ ಮಕ್ಕಳು ಹಾಡಿದರು. ಅವಳು ಕೂತಿದ್ದ ಕುರ್ಚಿಯನ್ನೇ ಮಾಂಟೆಸ್ಸರಿ ಎತ್ತಿ ಮೇಜಿನ ಮೇಲಿಟ್ಟರು. ಅವಳ ಕೈ ನಿಲ್ಲಲಿಲ್ಲ. ಮುಗಿಸಿ ಎದ್ದಾಗ ಸುಸ್ತಾಗಿರಲಿಲ್ಲ, ನಿದ್ದೆ ಮುಗಿಸಿ ಎದ್ದವಳ ಹಾಗೆ ಖುಷಿಯಾಗಿದ್ದಳು.

ಇನ್ನೊಂದು ದಿನ ಅಲ್ಲಿನ ಶಿಕ್ಷಕಿ ಬೀರುವಿಗೆ ಬೀಗ ಹಾಕುವುದನ್ನು ಮರೆತರು. ಮಾರನೆಯ ದಿನ ಅವರು ಬರುವುದು ಸ್ವಲ್ಪ ತಡವಾಯಿತು. ಅಷ್ಟರಲ್ಲಿ ಮಕ್ಕಳೇ ಬೀರು ತೆಗೆದು, ಬೇಕಾದ್ದನ್ನು ಎತ್ತಿಕೊಂಡು ಕೆಲಸಕ್ಕೆ ಕೂತಿದ್ದರು. ಶಿಕ್ಷಕಿಗೆ ಅದು ಕಳ್ಳತನದ ಹಾಗೆ ಕಂಡಿತು. ತಮಗೆ ಏನು ಬೇಕು ಅನ್ನುವುದು ಮಕ್ಕಳಿಗೇ ಗೊತ್ತಿದೆ ಎಂದುಕೊಂಡರು ಮಾಂಟೆಸ್ಸರಿ. ಆಮೇಲೆ ಎತ್ತರದ ಬೀರು ಹೋಗಿ, ಮಕ್ಕಳ ಕೈಗೆ ಎಟುಕುವ ತಗ್ಗು ಕಪಾಟು ಬಂತು. ನೀವು ವಿಡಿಯೊದಲ್ಲಿ ನೋಡುವ ಮರದ ಕಪಾಟಿನ ಮೂಲ ಇದು. ನಿಮ್ಮ ಮನೆಯಲ್ಲಿ ಅಡಿಗೆಮನೆಯ ಕಟ್ಟೆಯ ಕೆಳಗಿನ ಒಂದು ಗೂಡು ಖಾಲಿ ಮಾಡಿದರೆ ಆಯಿತು. ಅವನ ತಟ್ಟೆ, ಲೋಟ, ಚಮಚ, ಒರೆಸುವ ಬಟ್ಟೆ ಅಲ್ಲಿರಲಿ. ಪ್ರತಿದಿನ ಅದೇ ಜಾಗದಲ್ಲಿರಲಿ.

ಇನ್ನು ಚೊಂಬಿನ ವಿಷಯ. ಸ್ಟೀಲಿನ ಸಣ್ಣ ಚೊಂಬು, ಎರಡು ಲೋಟ, ಒಂದು ತಟ್ಟೆ ತೆಗೆದುಕೊಳ್ಳಿ. ಹಿತ್ತಾಳೆಯದು ಬೇಡ, ಭಾರವಾಗುತ್ತದೆ. ಚೊಂಬಿಗೆ ಅರ್ಧದಷ್ಟೇ ನೀರು ಹಾಕಿ. ನೆಲದ ಮೇಲೆ ಅವನ ಪಕ್ಕದಲ್ಲಿ ಕೂತುಕೊಳ್ಳಿ. ಎದುರಿಗೆ ಕೂತರೆ ಅವನಿಗೆ ಎಲ್ಲ ಉಲ್ಟಾ ಕಾಣುತ್ತದೆ. ಈಗ ನೀವು ನಿಧಾನವಾಗಿ ಲೋಟಕ್ಕೆ ನೀರು ಬಗ್ಗಿಸಿ. ಮಾತಾಡಬೇಡಿ. ಇದು ನಮಗೆ ಬಹಳ ಕಷ್ಟ. "ನೋಡು ಕಂದ, ಹೀಗೆ ಹಿಡ್ಕೋ, ಚೆಲ್ಲಬೇಡ, ಜೋಪಾನ" ಎಂದು ನಮ್ಮ ಬಾಯಿ ಓಡುತ್ತಲೇ ಇರುತ್ತದೆ. ಮಗು ಆಗ ನಮ್ಮ ಮುಖ ನೋಡುತ್ತದೆ, ಕೈ ನೋಡುವುದಿಲ್ಲ. ಸುಮ್ನೆ ಮಾಡಿ ತೋರಿಸಿ. ಕೊನೆಯ ಹನಿ ಬೀಳುವ ತನಕ ಚೊಂಬನ್ನು ಬಗ್ಗಿಸಿಯೇ ಹಿಡಿಯಿರಿ. ಆ ಹನಿಗಾಗಿ ಅವನು ಕಾಯುತ್ತಾನೆ. ಆಮೇಲೆ ಚೊಂಬನ್ನು ಅವನ ಮುಂದಿಡಿ.

ಚೆಲ್ಲುತ್ತಾನೆ, ಮೊದಲ ವಾರ ಪೂರ್ತಿ ಚೆಲ್ಲುತ್ತಾನೆ. ಬಟ್ಟೆ ಎಲ್ಲಿದೆ ತೋರಿಸಿ, ಹೇಗೆ ಒರೆಸುವುದು ತೋರಿಸಿ, ಅಷ್ಟೇ. ಒರೆಸುವುದು ಶಿಕ್ಷೆ ಅಲ್ಲ, ಅವನಿಗೆ ಅದೂ ಒಂದು ಕೆಲಸ. ಎಷ್ಟೋ ಮಕ್ಕಳಿಗೆ ನೀರು ಬಗ್ಗಿಸುವುದಕ್ಕಿಂತ ಒರೆಸುವುದೇ ಜಾಸ್ತಿ ಇಷ್ಟ.

ನೀರಿನ ಜಾಗದಲ್ಲಿ ಒಂದಿನ ಕಡ್ಲೆಪುರಿ ಇಡಿ. ಒಂದು ಬಟ್ಟಲಿನಿಂದ ಇನ್ನೊಂದಕ್ಕೆ ಚಮಚದಲ್ಲಿ ತುಂಬಲಿ. ಕೊತ್ತಂಬರಿ ಸೊಪ್ಪು ಬಿಡಿಸಲಿ. ಬಾಳೆಹಣ್ಣನ್ನು ಮೊಂಡು ಚಾಕುವಿನಲ್ಲಿ ಹೆಚ್ಚಲಿ. ಒಂದು ಎಚ್ಚರ: ಇದು ಬಾಯಿಗೂ ಮೂಗಿಗೂ ಕಾಳು ತುರುಕಿಕೊಳ್ಳುವ ವಯಸ್ಸು. ಕಡ್ಲೆ, ಬಟಾಣಿ, ಮಣಿ ಕೊಟ್ಟು ಎದ್ದು ಹೋಗಬೇಡಿ. ತುಂಬಿದ ಬಕೆಟ್ ಹತ್ತಿರವೂ ಅವನೊಬ್ಬನನ್ನೇ ಬಿಡಬೇಡಿ.

ನನ್ನ ಮನೆಯ ಒಂದು ಬೆಳಗ್ಗೆ ಹೇಳುತ್ತೇನೆ. ಮಗಳಿಗೆ ಆಗ ಎರಡೂವರೆ ವರ್ಷ. ಫ್ರಾಕಿನ ಮುಂದೆ ನಾಲ್ಕು ಗುಂಡಿ. ಮೊದಲ ಗುಂಡಿಯನ್ನು ಕಾಜಿನೊಳಗೆ ಅರ್ಧ ತೂರಿಸಿ, ನಾಲಿಗೆ ಕಚ್ಚಿಕೊಂಡು ನಿಂತಿದ್ದಳು. ನನಗೆ ಎಂಟೂಕಾಲರ ಬಸ್ಸು. ಬಗ್ಗಿ ನಾಲ್ಕೂ ಗುಂಡಿ ಪಟಪಟ ಹಾಕಿಬಿಟ್ಟೆ. ಅವಳು ಅಳಲಿಲ್ಲ. ಹಾಕಿದ ನಾಲ್ಕನ್ನೂ ಒಂದೊಂದಾಗಿ ಬಿಚ್ಚಿದಳು. ಮತ್ತೆ ಮೊದಲ ಗುಂಡಿ ಹಿಡಿದಳು. ಬಸ್ಸು ಹೋಯಿತು. ಅವತ್ತು ನನಗೆ ಸಿಟ್ಟು ಬಂದಿತ್ತು. ಅವಳಿಗೆ ಬೇಕಾಗಿದ್ದದ್ದು ಗುಂಡಿ ಹಾಕಿದ ಫ್ರಾಕು ಅಲ್ಲ, ಗುಂಡಿ ಹಾಕುವ ಕೆಲಸ ಅನ್ನುವುದು ಅರ್ಥವಾಗಲು ನನಗೆ ಎಷ್ಟೋ ದಿನ ಬೇಕಾಯಿತು. ಅದಕ್ಕೇ ಹೇಳುತ್ತೇನೆ, ಕೆಲಸಕ್ಕೆ ಹೊರಡುವ ಬೆಳಗ್ಗೆಗಳಲ್ಲಿ ಇದನ್ನೆಲ್ಲ ಇಟ್ಟುಕೊಳ್ಳಬೇಡಿ. ಒಂದೇ ಒಂದು ಕೆಲಸ, ಚಪ್ಪಲಿ ಹಾಕಿಕೊಳ್ಳುವುದೋ ಲೋಟ ಎತ್ತಿಡುವುದೋ, ಅವನಿಗೇ ಬಿಡಿ. ಅದಕ್ಕೆ ಹತ್ತು ನಿಮಿಷ ಮೊದಲೇ ಶುರು ಮಾಡಿ. ಉಳಿದದ್ದು ಸಂಜೆಗೆ, ಭಾನುವಾರಕ್ಕೆ.

ಈಗ ಅತ್ತೆಯವರು. ಅವರ ಮಾತಿನಲ್ಲಿ ನನಗೆ ಕಾಣುವುದು ಪ್ರೀತಿ. ಒಂಬತ್ತರಿಂದ ಆರರ ತನಕ ಮಗುವಿನ ಜೊತೆ ಇರುವವರು ಅವರು. ಅಂದರೆ ನಿಮ್ಮ ಮಗನ ನಿಜವಾದ ಟೀಚರ್ ಅವರೇ ಅಲ್ವಾ? ಅವರಿಗೆ ವಿಡಿಯೊ ತೋರಿಸಿ ಪಾಠ ಹೇಳಬೇಡಿ. ಮಾಂಟೆಸ್ಸರಿ ಎಂಬ ಹೆಸರೂ ಬೇಡ. "ಅತ್ತೆ, ಅವನಿಗೆ ಅವರೆಬೇಳೆ ಹಿದುಕೋದು ನೀವೇ ಹೇಳಿಕೊಡಿ, ನನ್ನ ಹತ್ರ ಕಲಿಯಲ್ಲ" ಎಂದು ಕೇಳಿ ನೋಡಿ. ನೆನೆಸಿದ ಅವರೆಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಅಮುಕಿದರೆ ಸಿಪ್ಪೆಯಿಂದ ಬೇಳೆ ಚುಳಕ್ಕನೆ ಹಾರುತ್ತದೆ. ಮಾಂಟೆಸ್ಸರಿಯವರು ತಮ್ಮ ಮರದ ತುಂಡುಗಳಿಗೆ ಸಣ್ಣ ಹಿಡಿ ಇಡಿಸಿದ್ದು, ಮುಂದೆ ಪೆನ್ಸಿಲ್ ಹಿಡಿಯುವ ಬೆರಳುಗಳು ಪಳಗಲಿ ಎಂದು. ಅದೇ ಬೆರಳುಗಳು ಅವರೆಕಾಳಿನಲ್ಲೂ ಪಳಗುತ್ತವೆ, ಚಿಟಿಕೆ ರಂಗೋಲಿ ಪುಡಿಯಲ್ಲೂ ಪಳಗುತ್ತವೆ.

ಕೈತುತ್ತು ನಿಲ್ಲಿಸಿ ಎಂದು ಮಾತ್ರ ಅವರಿಗೆ ಹೇಳಬೇಡಿ. ಕೈತುತ್ತು ತಿಂದ ಮಗು ಕೆಡುತ್ತದೆ ಅನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಬೆಳಗ್ಗಿನ ತಿಂಡಿ ಅವನೇ ತಿನ್ನಲಿ. ರಾತ್ರಿ ಅಜ್ಜಿ ಕಥೆ ಹೇಳುತ್ತಾ ತುತ್ತು ಕೊಡಲಿ. ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಎಂಬ ವಕೀಲರು 1920ರಲ್ಲಿ ಬಾಲಮಂದಿರ ಶುರು ಮಾಡಿದರು. ಮಾಂಟೆಸ್ಸರಿ ಪದ್ಧತಿಯನ್ನು ತೆಗೆದುಕೊಂಡು, ಅದಕ್ಕೆ ನಮ್ಮ ಕಥೆ, ಹಾಡು, ನಾಟಕ ಎಲ್ಲ ಸೇರಿಸಿದರು. ಮೀಸೆಯ ಅಮ್ಮ ಎಂದು ಜನ ಅವರನ್ನು ಪ್ರೀತಿಯಿಂದ ಕರೆಯುತ್ತಿದ್ದರು. ಸ್ವತಃ ಮಾಂಟೆಸ್ಸರಿ 1939ರಲ್ಲಿ ಕೆಲವು ತಿಂಗಳಿಗೆಂದು ಮದ್ರಾಸಿನ ಅಡ್ಯಾರಿಗೆ ಬಂದು, ಆಮೇಲೆ ಇಟಲಿಯೂ ಮಹಾಯುದ್ಧಕ್ಕೆ ಇಳಿದು, 1946ರ ತನಕ ಇಲ್ಲೇ ಉಳಿದರು. ನಮ್ಮ ನೆಲಕ್ಕೆ ಇದು ಹೊರಗಿನದೇನಲ್ಲ.

ಸ್ಯಾನ್ ಲೊರೆಂಜೊದ ಇನ್ನೊಂದು ಘಟನೆ ನನಗೆ ಬಹಳ ಇಷ್ಟ. ಒಂದು ದಿನ ಮಾಂಟೆಸ್ಸರಿ ಮಕ್ಕಳಿಗೆ ಮೂಗು ಒರೆಸಿಕೊಳ್ಳುವುದನ್ನು ಕಲಿಸಿದರು. ಕರವಸ್ತ್ರ ಹೇಗೆ ಹಿಡಿಯಬೇಕು, ಸದ್ದಾಗದ ಹಾಗೆ ಹೇಗೆ ಒರೆಸಿಕೊಳ್ಳಬೇಕು, ಎಲ್ಲವನ್ನೂ ಗಂಭೀರವಾಗಿ ತೋರಿಸಿದರು. ಮಕ್ಕಳು ನಗಲಿಲ್ಲ, ಜೋರಾಗಿ ಚಪ್ಪಾಳೆ ತಟ್ಟಿದರು. ಆ ತನಕ ಮೂಗಿನ ವಿಷಯಕ್ಕೆ ಅವರು ಬೈಗುಳ ತಿಂದಿದ್ದರು ಅಷ್ಟೇ, ಯಾರೂ ಮರ್ಯಾದೆಯಿಂದ ಹೇಳಿಕೊಟ್ಟಿರಲಿಲ್ಲ. ನಿಮ್ಮ ಮಗ ಏನಾದರೂ ಚೆಲ್ಲಿದಾಗ ಈ ಚಪ್ಪಾಳೆ ನೆನಪಿಗೆ ಬರಲಿ.

ಅಕ್ಷರಕ್ಕೆ ಅವಸರ ಬೇಡ. ಮೊದಲು ಮಾತು. ಬದನೆಕಾಯಿ ಮುಟ್ಟಿಸಿ, "ಇದು ನುಣುಪು" ಅನ್ನಿ. ಹಾಗಲಕಾಯಿ ಮುಟ್ಟಿಸಿ, "ಇದು ಒರಟು". ಆಮೇಲೆ "ಒರಟು ಯಾವುದು, ಕೊಡು" ಎಂದು ಕೇಳಿ. ಇದನ್ನು ಹತ್ತಾರು ಸಲ ಆಡಿದ ಮೇಲೆ ಒಂದನ್ನು ತೋರಿಸಿ, "ಇದು ಹೇಗಿದೆ?" ಎಂದು ಕೇಳಿ. ತಪ್ಪು ಹೇಳಿದರೆ ತಿದ್ದಬೇಡಿ. ಎತ್ತಿಟ್ಟು ಇನ್ನೊಂದು ದಿನ ಮತ್ತೆ ಮೊದಲಿನಿಂದ ಆಡಿ. ಮಾಂಟೆಸ್ಸರಿ ಶಾಲೆಗಳಲ್ಲಿ ಹೊಸ ಪದ ಕಲಿಸುವುದು ಈ ಮೂರು ಹಂತದಲ್ಲೇ.

ಅಕ್ಷರದ ಮೇಲೆ ಅವನಿಗೇ ಆಸೆ ಬಂದಾಗ ಮರಗೆಲಸದವರು ಬಳಸುವ ಸ್ಯಾಂಡ್ ಪೇಪರ್ ತಂದು, ಅಕ್ಷರ ಕತ್ತರಿಸಿ, ದಪ್ಪ ರಟ್ಟಿಗೆ ಅಂಟಿಸಿ. ಎರಡು ಬೆರಳಲ್ಲಿ ತೀಡುತ್ತಾ ಬಾಯಲ್ಲಿ ಹೇಳಲಿ. ಅಕ್ಷರಾಭ್ಯಾಸದ ದಿನ ಅಕ್ಕಿಯ ಮೇಲೆ ಬೆರಳಲ್ಲಿ ಬರೆಸುತ್ತೇವಲ್ಲ, ಅದನ್ನೇ ಮತ್ತೆ ಮತ್ತೆ ಮಾಡುವುದು. ಇಂಗ್ಲಿಷಿನಲ್ಲಿ ಅಕ್ಷರದ ಹೆಸರೇ ಬೇರೆ, ಸದ್ದೇ ಬೇರೆ. ನಮ್ಮಲ್ಲಿ ಆ ಗೊಂದಲ ಇಲ್ಲ, ರ ಅಂದರೆ ರ. ಅ ಆ ಇ ಈ ಇಂದಲೇ ಶುರು ಮಾಡಬೇಕು ಅಂತಲೂ ಇಲ್ಲ. ನಮ್ಮ ಸರ್ಕಾರಿ ಶಾಲೆಯ ನಲಿಕಲಿ ಮಕ್ಕಳು ರ ಗ ಸ ದ ಅ ಎಂದು ಶುರು ಮಾಡುತ್ತಾರೆ. ಆ ಐದೇ ಅಕ್ಷರದಲ್ಲಿ ಸರ, ಅಗಸ, ಅರಸ ಎಲ್ಲ ಬಂದುಬಿಡುತ್ತವೆ.

ಮುಂದೆ ಶಾಲೆ ನೋಡುವಾಗ ಬೋರ್ಡು ನೋಡಿ ನಂಬಬೇಡಿ. ಒಳಗೆ ಹೋಗಿ ಅರ್ಧ ಗಂಟೆ ಕೂತು ನೋಡಿ. ಮೂರರಿಂದ ಆರು ವರ್ಷದ ಮಕ್ಕಳು ಒಟ್ಟಿಗೆ ಇದ್ದಾರಾ, ಸಾಮಾನು ಅವರ ಕೈಗೆ ಎಟುಕುತ್ತಾ, ಕೆಲಸದಲ್ಲಿ ಮುಳುಗಿದ ಮಗುವನ್ನು ಯಾರಾದರೂ ನಡುವೆ ಎಬ್ಬಿಸುತ್ತಾರಾ, ಇಷ್ಟು ನೋಡಿದರೆ ನಿಮಗೇ ತಿಳಿಯುತ್ತದೆ.

ಅವರೆಕಾಯಿ ಕಾಲ ಬಂದಾಗ ಮತ್ತೊಂದು ಕಾಗದ ಬರೆಯಿರಿ. ಅಜ್ಜಿ ಮೊಮ್ಮಗ ಸೇರಿ ಎಷ್ಟು ಪಾವು ಬೇಳೆ ಹಿದುಕಿದರು ಎಂದು ತಿಳಿಸಿ.

— ಸಂಪಾದಕಿ