ಗಿಡಮೂಲಿಕೆಯ ಸಾರ ಮತ್ತು ಕ್ಯಾನ್ಸರ್ ಕೋಶದ ಸಾವು

ಪ್ರಶ್ನೆ: ಗಿಡಮೂಲಿಕೆಗಳ ಸಾರವು ಕ್ಯಾನ್ಸರ್ ಕೋಶಗಳನ್ನು ಸಾಯಿಸುತ್ತದೆ ಎಂದು ಓದಿದ್ದೇನೆ. ಅದು ಹೇಗೆ? ಚಿಕಿತ್ಸೆಯ ಬದಲು ಅದನ್ನೇ ಸೇವಿಸಬಹುದೇ?

ಉತ್ತರ: ಸರಿಪಡಿಸಲಾಗದಷ್ಟು ಹಾನಿಗೊಂಡ ಕೋಶವು ತನ್ನನ್ನು ತಾನೇ ಕ್ರಮಬದ್ಧವಾಗಿ ನಾಶಪಡಿಸಿಕೊಳ್ಳುವ ಕ್ರಿಯೆಗೆ ಅಪಾಪ್ಟೋಸಿಸ್ ಎಂದು ಹೆಸರು, ಕ್ಯಾನ್ಸರ್ ಕೋಶಗಳು ಉಳಿದು ಬೆಳೆಯುವುದು ಬಹುಮಟ್ಟಿಗೆ ಇದರಿಂದ ತಪ್ಪಿಸಿಕೊಂಡೇ. ಅರಿಸಿನದ ಕರ್ಕ್ಯುಮಿನ್‌ನಂತಹ ಸಸ್ಯಜನ್ಯ ರಾಸಾಯನಿಕಗಳು ಪ್ರಯೋಗಾಲಯದಲ್ಲಿ ಈ ಕ್ರಿಯೆಯನ್ನು ಮತ್ತೆ ಚಾಲನೆಗೊಳಿಸಬಲ್ಲವು: ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದ ಹೊರಪೊರೆಯಲ್ಲಿ ರಂಧ್ರಗಳುಂಟಾಗಿ, ಅಲ್ಲಿಂದ ಹೊರಬೀಳುವ ಸೈಟೋಕ್ರೋಮ್ ಸಿ ಎಂಬ ಪ್ರೋಟೀನು ಕ್ಯಾಸ್ಪೇಸ್ ಎಂಬ ಕಿಣ್ವಗಳನ್ನು ಸಕ್ರಿಯಗೊಳಿಸುತ್ತದೆ, ಅವು ಕೋಶದ ಒಳಗಿನ ಪ್ರೋಟೀನುಗಳನ್ನು ಕತ್ತರಿಸುತ್ತವೆ. ನಿತ್ಯಪುಷ್ಪ ಗಿಡದ ವಿನ್‌ಕ್ರಿಸ್ಟಿನ್ ಮತ್ತು ಯೂ ಮರದ ತೊಗಟೆಯಲ್ಲಿ ದೊರೆತ ಪ್ಯಾಕ್ಲಿಟಾಕ್ಸೆಲ್ ಕೋಶವಿಭಜನೆಯನ್ನು ತಡೆದು ಇದೇ ಸಾವಿಗೆ ದಾರಿಮಾಡುತ್ತವೆ; ಇವೆರಡೂ ಇಂದು ಆಸ್ಪತ್ರೆಗಳಲ್ಲಿ ಬಳಕೆಯಲ್ಲಿರುವ ಔಷಧಗಳು.

ಆದರೆ ಇವು ಶುದ್ಧೀಕರಿಸಿ, ಪ್ರಮಾಣ ನಿಗದಿಪಡಿಸಿ, ರೋಗಿಗಳಲ್ಲಿ ಪರೀಕ್ಷಿಸಿದ ಔಷಧಗಳೇ ಹೊರತು ಕಷಾಯಗಳಲ್ಲ. ಗಾಜಿನ ತಟ್ಟೆಯಲ್ಲಿ ಕೋಶಗಳ ಮೇಲೆ ನೇರವಾಗಿ ಸುರಿದ ಸಾರದ ಸಾಂದ್ರತೆಯನ್ನು ರಕ್ತದಲ್ಲಿ ತಲುಪುವುದು ಹಲವು ಬಾರಿ ಅಸಾಧ್ಯ. ಕರ್ಕ್ಯುಮಿನ್ ಅಂತೂ ಕರುಳಿನಲ್ಲಿ ಬಹಳ ಕಡಿಮೆ ಹೀರಲ್ಪಡುತ್ತದೆ. ಅಲ್ಲದೆ ಕೆಲವು ಮೂಲಿಕೆಗಳು ಕೀಮೋಥೆರಪಿ ಔಷಧಗಳ ಪರಿಣಾಮವನ್ನು ಕುಂದಿಸುತ್ತವೆ ಅಥವಾ ಯಕೃತ್ತಿಗೆ ಹಾನಿ ಮಾಡುತ್ತವೆ. ದಯವಿಟ್ಟು ಚಿಕಿತ್ಸೆಯನ್ನು ನಿಲ್ಲಿಸಬೇಡಿ. ಯಾವುದೇ ಮೂಲಿಕೆಯನ್ನು ಸೇವಿಸುತ್ತಿದ್ದರೂ ಚಿಕಿತ್ಸೆ ನೀಡುತ್ತಿರುವ ಕ್ಯಾನ್ಸರ್ ತಜ್ಞರಿಗೆ ಮುಚ್ಚಿಡದೆ ತಿಳಿಸಿ.