ಅಷ್ಟು ಅನುಭವವಿದ್ದ ಎವರೆಸ್ಟ್ ಗೈಡ್ ರಾಬ್ ಹಾಲ್ 1996ರಲ್ಲಿ ಕೆಳಗಿಳಿದು ಬರಲಿಲ್ಲ ಯಾಕೆ?

ಬಿರುಗಾಳಿಗಿಂತ ಮೊದಲು ಕೈಕೊಟ್ಟದ್ದು ಹೊತ್ತು. ಮಧ್ಯಾಹ್ನ 2ರೊಳಗೆ ತುದಿ ಸಿಗದಿದ್ದರೆ ವಾಪಸಾಗಬೇಕಿತ್ತು. ಮೇ 10ರಂದು ಅವರ ತಂಡದ ಡಗ್ ಹ್ಯಾನ್ಸನ್ ತುದಿ ತಲುಪುವಾಗ ಸುಮಾರು 4 ಗಂಟೆ. 1995ರಲ್ಲಿ ಇದೇ ಹ್ಯಾನ್ಸನ್‌ರನ್ನು ತುದಿಯ ಹತ್ತಿರದಿಂದಲೇ ಹಾಲ್ ಹಿಂದಿರುಗಿಸಿದ್ದರು. ಎರಡನೇ ಸಲ 'ಸಾಕು' ಅನ್ನಲು ಬಾಯಿ ಬರಲಿಲ್ಲವೇನೋ. (ಕೊಡಚಾದ್ರಿಯಲ್ಲಿ ಮಂಜು ಮುಸುಕಿದರೆ ನಾವು ಗೊಣಗುತ್ತಲೇ ಜೀಪು ಹತ್ತುತ್ತೇವೆ, ಅದು 1,343 ಮೀಟರ್, ಉಸಿರಿಗೆ ತೊಂದರೆಯಿಲ್ಲ.)

ಇಳಿಯುವಾಗ ಹ್ಯಾನ್ಸನ್ ಕುಸಿದರು, ಹಾಲ್ ಬಿಟ್ಟುಬರಲಿಲ್ಲ. 8,700 ಮೀಟರಿನ ಮೇಲೆ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಒಂದರಷ್ಟು. ರಾತ್ರಿ ಕಳೆಯುವಷ್ಟರಲ್ಲಿ ಹಾಲ್ ಕೈಕಾಲು ಮರಗಟ್ಟಿದ್ದವು, ಆಮ್ಲಜನಕದ ಮಾಸ್ಕಿಗೂ ಹಿಮ ಕಟ್ಟಿತ್ತು. ಮರುದಿನ ಹುಡುಕಿ ಹತ್ತಿದ ಶೆರ್ಪಾಗಳನ್ನು ಗಾಳಿಯೇ ಹಿಂದಕ್ಕಟ್ಟಿತು.