ದೀಕ್ಷಾಸ್ನಾನ ಪಡೆದ ನನ್ನ ತಮ್ಮ ಎರಡು ವರ್ಷದಿಂದ ಚರ್ಚಿಗೇ ಬಂದಿಲ್ಲ. ಅವನ ರಕ್ಷಣೆ ಹೋಯಿತೇ?

ಇದಕ್ಕೆ ಎಲ್ಲ ಕ್ರೈಸ್ತ ಪಂಗಡಗಳದ್ದೂ ಒಂದೇ ಉತ್ತರವಿಲ್ಲ. ಮಾರಕ ಪಾಪದಿಂದ, ಅಂದರೆ ತಿಳಿದೂ ಬೇಕೆಂದೇ ಮಾಡಿದ ಘೋರ ಪಾಪದಿಂದ, ದೇವರ ಕೃಪೆ ಕಳೆದುಹೋಗುತ್ತದೆ, ಪಾಪನಿವೇದನೆಯಿಂದ ಮರಳಿ ಸಿಗುತ್ತದೆ ಎನ್ನುವುದು ಕಥೋಲಿಕರ ಬೋಧನೆ. 1547ರಲ್ಲಿ ಕಥೋಲಿಕರ ಟ್ರೆಂಟ್ ಮಹಾಸಭೆ ಇದನ್ನೇ ಸಾರಿತು. ನಮ್ಮ ಹಾಸನದಲ್ಲಿ ಕೆಲಸ ಮಾಡಿದ ವೆಸ್ಲಿಯನ್ ಮಿಷನ್ನಿನವರು ಮೆಥಡಿಸ್ಟ್ ಪಂಥಕ್ಕೆ ಮೂಲನಾದ ಜಾನ್ ವೆಸ್ಲಿಯ ದಾರಿಯವರು. ವಿಶ್ವಾಸಿಯೂ ಬಿದ್ದುಹೋಗಬಹುದು ಎಂದೇ ವೆಸ್ಲಿ ಬೋಧಿಸಿದರು. ಪ್ರೊಟೆಸ್ಟಂಟ್ ಸುಧಾರಕ ಕ್ಯಾಲ್ವಿನ್ ಪರಂಪರೆಯವರು ಇದನ್ನು ಒಪ್ಪುವುದಿಲ್ಲ. ದೇವರು ತಾನು ಆರಿಸಿಕೊಂಡವರನ್ನು ಕೊನೆತನಕ ಕಾಯುತ್ತಾನೆ ಎಂದು 1618–19ರಲ್ಲಿ ಅವರು ನೆದರ್ಲೆಂಡ್ಸಿನಲ್ಲಿ ಸೇರಿಸಿದ ಡಾರ್ಟ್ ಸಭೆ ತೀರ್ಮಾನಿಸಿತು. ಪೂರ್ತಿ ಬಿಟ್ಟುಹೋದವನು ಮೊದಲಿನಿಂದಲೂ ನಮ್ಮವನಾಗಿರಲಿಲ್ಲ ಎನ್ನಲು ಅವರು 1 ಯೋಹಾನ 2:19 ತೋರಿಸುತ್ತಾರೆ.

ಬೈಬಲಿನಲ್ಲೇ ಎರಡೂ ದನಿಗಳಿವೆ. ತನ್ನ ಕುರಿಗಳನ್ನು ಯಾರೂ ತನ್ನ ಕೈಯಿಂದ ಕಸಿದುಕೊಳ್ಳಲಾರರು ಎಂದು ಯೇಸು ಹೇಳುತ್ತಾನೆ (ಯೋಹಾನ 10:28). ಇಬ್ರಿಯ 6:4–6 ಮಾತ್ರ ಎದೆ ನಡುಗಿಸುತ್ತದೆ: ದೇವರ ವರದ ರುಚಿ ನೋಡಿ ಭ್ರಷ್ಟರಾದವರನ್ನು ಮತ್ತೆ ಪಶ್ಚಾತ್ತಾಪಕ್ಕೆ ತರುವುದು ಅಸಾಧ್ಯ ಎನ್ನುತ್ತದೆ. ಸಕಲೇಶಪುರದ ನಮ್ಮಜ್ಜಿಯ ಬೈಬಲಿನಲ್ಲಿ ಆ ಪುಟದ ಅಂಚು ಬೆರಳಿನ ಎಣ್ಣೆಗೆ ಕಪ್ಪಾಗಿತ್ತು. ಅಷ್ಟು ಸಲ ಓದಿ ಹೆದರಿದ್ದರು.

ನನಗೆ ಅನ್ನಿಸುವುದಿಷ್ಟು. ಆ ಮಾತು ಕ್ರಿಸ್ತನನ್ನು ಬೇಕೆಂದೇ ಧಿಕ್ಕರಿಸುವವರ ಕುರಿತದ್ದು, ಎಡವಿದವರ ಕುರಿತದ್ದಲ್ಲ. ಶಿಷ್ಯ ಪೇತ್ರ ಮೂರು ಸಲ ಯೇಸುವನ್ನು ಅರಿಯೆನೆಂದ; ಅವನನ್ನೇ ಯೇಸು ಕರೆದು ತನ್ನ ಕುರಿಗಳನ್ನು, ಅಂದರೆ ತನ್ನ ಜನರನ್ನು, ಒಪ್ಪಿಸಿದ. ಎರಡು ವರ್ಷ ಚರ್ಚಿಗೆ ಬಾರದ್ದನ್ನೇ ಹಿಡಿದು ನಿಮ್ಮ ತಮ್ಮನ ಬಗ್ಗೆ ತೀರ್ಪು ಕೊಡಬೇಡಿ. ಈ ಭಾನುವಾರ ಅವನ ಮನೆಗೆ ಹೋಗಿ, ಜೊತೆಯಲ್ಲಿ ಕೂತು ಊಟ ಮಾಡಿ.